ಶ್ರೇಯಾಳ ಎರಡು ವರ್ಷದ ಕಾರ್ಡು

ಕೋಲ್ಕತ್ತದ ಜಾದವ್‌ಪುರದಲ್ಲಿ ತಮ್ಮ ಪುಟ್ಟ ಹೋಟೆಲಿನಲ್ಲಿ ಗಣಪಯ್ಯ ಆ ದಿನ ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದ್ದರು.

"ಏನ್ರೀ ಗಣಪಯ್ಯನವರೇ, ಬಂಗಾಳ ಕೊಲ್ಲಿ ನೀರು ತಂದು ಸಾಂಬಾರ್ ಮಾಡಿದ್ರಾ?" ಎಂದರು ಗೌರಿ. ಅಲಿಪುರದ ವಕೀಲರೊಬ್ಬರ ಕಚೇರಿಯಲ್ಲಿ, ಮದುವೆಯಾಗಿ ಹೊರದೇಶಕ್ಕೆ ಹೋದ ಹೆಣ್ಣುಮಕ್ಕಳ ಕಾಗದಪತ್ರ ನೋಡುವುದು ಅವರ ಕೆಲಸ. ದಿನವೂ ಇಲ್ಲೇ ತಿಂಡಿ.

ಗಣಪಯ್ಯ ನಗಲಿಲ್ಲ. ಅವರ ಹೆಂಡತಿ ಪ್ರಭಾವತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಗಳು ಶ್ರೇಯಾ ಅಮೆರಿಕದಿಂದ ಫೋನ್ ಮಾಡಿ ಮೂರು ದಿನವಾಗಿತ್ತು. ಗಂಡ ವಿಚ್ಛೇದನಕ್ಕೆ ಅರ್ಜಿ ಹಾಕಿದ್ದಾನೆ. ಅವಳ ಗ್ರೀನ್ ಕಾರ್ಡಿನ ಅವಧಿ ಇನ್ನು ಎರಡೇ ತಿಂಗಳು.

"ಮದುವೆ ಹೋದ ಮೇಲೆ ಕಾರ್ಡೂ ಹೋಯ್ತು, ಗಂಟುಮೂಟೆ ಕಟ್ಟು ಅಂದನಂತೆ. ಅಲ್ಲಿ ಶಾಲೆಯಲ್ಲಿ ಒಳ್ಳೇ ಕೆಲಸ ಉಂಟು ಅವಳಿಗೆ. ಎಲ್ಲ ಬಿಟ್ಟು ಬರಬೇಕಂತೆ," ಎಂದರು ಪ್ರಭಾವತಿ.

"ಬರಲಿ ಬಿಡು," ಎಂದರು ಗಣಪಯ್ಯ. "ಅವನ ಹೆಸರಿದ್ದ ಒಂದು ಕಾಗದವನ್ನೂ ಇಟ್ಟುಕೊಳ್ಳಬೇಡ, ಎಲ್ಲ ಎಸೆದು ಬಾ ಅಂತ ಹೇಳಿದ್ದೇನೆ. ಮದುವೆ ಆಲ್ಬಮ್ಮನ್ನೂ ಈಗಷ್ಟೇ ಗುಜರಿ ಕೊಳ್ಳುವ ಬಿಕ್ರಿವಾಲಾನಿಗೆ ಹಾಕಿದೆ, ಹಳೇ ಎಣ್ಣೆ ಡಬ್ಬದ ಜೊತೆ. ಮುರಿದ ಮದುವೆಯ ಗುರುತು ಮನೆಯಲ್ಲಿ ಎಂತಕ್ಕೆ?"

ಗೌರಿಯವರ ಕೈಯಲ್ಲಿದ್ದ ಚಮಚ ನಿಂತಿತು.

"ಅಯ್ಯೋ! ಅವಳ ಕಾರ್ಡು ಎರಡು ವರ್ಷದ್ದಾ?"

"ಹೌದು," ಎಂದರು ಪ್ರಭಾವತಿ.

"ಹತ್ತು ವರ್ಷದ್ದಾಗಿದ್ರೆ ವಿಚ್ಛೇದನ ಆಯ್ತು ಅಂದ ಮಾತ್ರಕ್ಕೆ ಕಾರ್ಡು ಹೋಗ್ತಿರಲಿಲ್ಲ. ಎರಡು ವರ್ಷದ್ದಕ್ಕೆ ಷರತ್ತಿದೆ. ಅವಧಿ ಮುಗಿಯೋದ್ರೊಳಗೆ ಆ ಷರತ್ತು ತೆಗೀರಿ ಅಂತ ಗಂಡ ಹೆಂಡತಿ ಸೇರಿ ಇನ್ನೊಂದು ಅರ್ಜಿ ಹಾಕ್ಬೇಕು."

"ಅವನು ಸಹಿ ಹಾಕಬೇಕಲ್ಲ!" ಎಂದರು ಗಣಪಯ್ಯ.

"ಹಾಕ್ದಿದ್ರೆ ಬಿಡ್ಲಿ. ವಿಚ್ಛೇದನ ಆಗ್ತಿದೆ ಅಂತ ಅವಳೊಬ್ಬಳೇ ವಿನಾಯಿತಿ ಕೇಳ್ಬಹುದು. ತೀರ್ಪು ಇನ್ನೂ ಬಂದಿಲ್ದಿದ್ರೆ ಹೇಗೆ ಹಾಕ್ಬೇಕು ಅಂತ ಅಲ್ಲಿನ ವಕೀಲರನ್ನ ಕೇಳ್ಲಿ. ಅವನು ಹೇಳಿದ ಮಾತ್ರಕ್ಕೆ ಕಾರ್ಡು ರದ್ದಾಗಲ್ಲ."

"ನಿಮ್ಮದು ಬಾಯಿಮಾತು ಮಾರಾಯ್ರೆ. ಅವಳನ್ನು ಯಾರು ನಂಬ್ತಾರೆ?"

"ಅದಕ್ಕೇ ಕಾಗದ ಬೇಕು! ಇದು ಕಾರ್ಡಿಗೋಸ್ಕರ ಆದ ಮದುವೆಯಲ್ಲ, ನಿಜವಾಗಿ ಸಂಸಾರ ಮಾಡಿದ್ದಾಳೆ ಅಂತ ತೋರಿಸ್ಬೇಕು. ಇಬ್ಬರ ಹೆಸರಿನ ಬಾಡಿಗೆ ಕರಾರು, ಬ್ಯಾಂಕ್ ಪತ್ರ, ವಿಮೆ, ಮದುವೆ ಫೋಟೋ. ನೀವು ಎಸೆದದ್ದೇ ಅವಳ ಸಾಕ್ಷಿ, ಗಣಪಯ್ಯನವರೇ."

ಗಣಪಯ್ಯ ಏಪ್ರನ್ನನ್ನೂ ಬಿಚ್ಚದೆ ಓಡಿದರು. ಮೊದಲ ಗಲ್ಲಿಯಲ್ಲಿ ಬಿಕ್ರಿವಾಲಾನ ಗಾಡಿ ಇರಲಿಲ್ಲ, ಎರಡನೆಯದರಲ್ಲೂ ಇರಲಿಲ್ಲ. ಕೊನೆಗೆ ಸ್ಟೇಷನ್ ಪಕ್ಕದ ಚಹಾ ಅಂಗಡಿ ಮುಂದೆ ಅವನು ಸಿಕ್ಕ. ಗಾಡಿಯಲ್ಲಿ ಡಬ್ಬಗಳಿದ್ದವು. ಆಲ್ಬಮ್ ಇರಲಿಲ್ಲ.

ಗಣಪಯ್ಯ ಡಬ್ಬಗಳನ್ನೆಲ್ಲ ಸರಿಸಿ ಹುಡುಕಿದರು. ಬಿಕ್ರಿವಾಲಾ ಸೀಟಿನ ಕೆಳಗಿನಿಂದ ಒಂದು ಚೀಲ ತೆಗೆದ. "ಫೋಟೋ ನಾನು ತೂಗಲ್ಲ ದಾದಾ. ಎರಡು ದಿನ ಇಟ್ಟುಕೊಳ್ತೇನೆ. ಯಾರಾದರೂ ಅಳುತ್ತಾ ಬಂದೇ ಬರ್ತಾರೆ," ಎಂದ ತನ್ನ ಹಿಂದಿಯಲ್ಲಿ.

ಅಲ್ಲೇ ನಿಂತು ಗಣಪಯ್ಯ ಮಗಳಿಗೆ ಫೋನ್ ಮಾಡಿದರು.

"ಮಗಾ, ಕಾಗದ ಎಲ್ಲ ಎಸೆದೆಯಾ?"

"ಕಸದ ಚೀಲಕ್ಕೆ ತುಂಬಿ ಹೊರಗಿಟ್ಟಿದ್ದೇನೆ. ಬೆಳಿಗ್ಗೆ ಗಾಡಿ ಬರ್ತದೆ. ನೀವೇ ಹೇಳಿದ್ದಲ್ವಾ ಅಪ್ಪ?"

"ನಾನು ಹೇಳಿದ್ದು ತಪ್ಪು. ಚೀಲ ಒಳಗೆ ತಾ. ಈಗಲೇ. ಫೋನ್ ಇಡಬೇಡ."

ಬಾಗಿಲು ತೆರೆದ ಸದ್ದು. ಆಮೇಲೆ ಏನೂ ಇಲ್ಲ. ಗಣಪಯ್ಯ ಆಲ್ಬಮ್ಮನ್ನು ಎದೆಗೆ ಒತ್ತಿ ಹಿಡಿದಿದ್ದರು. ಕೊನೆಗೆ ಪ್ಲಾಸ್ಟಿಕ್ ಸರಸರ ಎಂದಿತು.

"ಚೀಲ ಒಳಗೆ ತಂದಿದ್ದೇನೆ ಅಪ್ಪ. ಬಾಡಿಗೆ ಕರಾರು ಮೇಲೇ ಉಂಟು."

"ನಾಳೆಯೇ ವಕೀಲರನ್ನು ನೋಡು. ಊರಿಗೆ ಬರುವ ಮಾತು ಆಮೇಲೆ."

ಕಾರ್ಡು ಉಳಿಯುತ್ತದೋ ಇಲ್ಲವೋ, ಇನ್ನೂ ಗೊತ್ತಿಲ್ಲ. ಆದರೆ ಅರ್ಜಿ ಅವಧಿಯೊಳಗೆ ಹೋಗಿದೆ, ಆಲ್ಬಮ್ಮಿನ ಹನ್ನೆರಡು ಫೋಟೋಗಳೂ ಜೊತೆಗೆ ಹೋಗಿವೆ.

ಹೆಣ್ಣುಮಗಳನ್ನು ಹೊರದೇಶಕ್ಕೆ ಕೊಟ್ಟ ಅಪ್ಪ ಅಮ್ಮಂದಿರೇ, ಅವಳ ಕಾರ್ಡು ಎಷ್ಟು ವರ್ಷದ್ದು, ಯಾವ ತಾರೀಕಿಗೆ ಮುಗಿಯುತ್ತದೆ, ಇವತ್ತೇ ಕೇಳಿ ತಿಳಿದುಕೊಳ್ಳಿ. ದೇಶ ಬೇರೆಯಾದರೆ ಕಾನೂನೂ ಬೇರೆ. ಅಲ್ಲಿನ ವಲಸೆ ವಕೀಲರನ್ನು ಕೇಳದೆ ಯಾವ ಕಾಗದಕ್ಕೂ ಸಹಿ ಹಾಕಿಸಬೇಡಿ, ಗಾಬರಿಯಲ್ಲಿ ವಾಪಸ್ ಕರೆಸಬೇಡಿ. ಮನಸ್ಸು ಎಷ್ಟೇ ಉರಿಯಲಿ, ಮದುವೆಯ ಕಾಗದಪತ್ರ ಕಸಕ್ಕೆ ಹಾಕಬೇಡಿ. ನಿಮ್ಮ ಬೀದಿಯ ಬಿಕ್ರಿವಾಲಾ ಕಾಯುತ್ತಾನೆಂದು ಹೇಗೆ ಹೇಳುತ್ತೀರಿ?