ಮುಯ್ಯಾಳು

ಕೋಮಲಳ ಹೆಸರಿನಲ್ಲಿ ನಾವು ಟೈಪ್ ಮಾಡಿದ್ದು ಮೋಸವಂತೆ. ಹಾಗಂದವರ ಬಾಯಿಗೆ ಮಣ್ಣು ಹಾಕ!

2005ರಲ್ಲಿ ತಿ. ನರಸೀಪುರದ ಬಸ್ ಸ್ಟ್ಯಾಂಡಿನ ಹಿಂದೆ, ಗೊಬ್ಬರದಂಗಡಿಯ ಮಹಡಿಯ ಮೇಲೆ ಒಂದು ಡೇಟಾ ಎಂಟ್ರಿ ಕೇಂದ್ರ ತೆರೆಯಿತು. ಯಾವುದೋ ದೇಶದ ಆಸ್ಪತ್ರೆಗಳ ಬಿಲ್ಲುಗಳನ್ನು ಕಂಪ್ಯೂಟರಿಗೆ ತುಂಬುವ ಕೆಲಸ. ಮುಡುಕುತೊರೆಯಿಂದ ನಾನು, ಪಕ್ಕದ ಊರಿನಿಂದ ಕೋಮಲ, ಇನ್ನೂ ಹತ್ತಾರು ಹೆಣ್ಣುಮಕ್ಕಳು ಸೇರಿಕೊಂಡೆವು. ಟಾರ್ಗೆಟ್ ಮುಟ್ಟದವರನ್ನು ವಾರದೊಳಗೆ ಮನೆಗೆ ಕಳಿಸುತ್ತಿದ್ದರು.

ಕೋಮಲ ಬಸುರಿಯಾದಳು. ವಾಂತಿ, ತಲೆಸುತ್ತು. ನಾಟಿ ಕಾಲದಲ್ಲಿ ಏನು ಮಾಡುತ್ತೇವೋ ಅದನ್ನೇ ಮಾಡಿದೆವು: ಮುಯ್ಯಿ. ನಿಮ್ಮ ಗದ್ದೆಗೆ ನಾನು, ನಮ್ಮ ಗದ್ದೆಗೆ ನೀನು, ಕೂಲಿಯ ಮಾತಿಲ್ಲ. ನಮ್ಮ ಟಾರ್ಗೆಟ್ ಮುಗಿಸಿ, ಅವಳ ಪಾಸ್‌ವರ್ಡ್ ಹಾಕಿ ಅವಳ ಪಾಲಿನದನ್ನೂ ತುಂಬುತ್ತಿದ್ದೆವು. ಅವಳು ಹೆರಿಗೆಗೆ ಹೋದಾಗಲೂ ಬಿಡಲಿಲ್ಲ. ಮ್ಯಾನೇಜರ್ ಗಂಗಾಧರಸ್ವಾಮಿ ಕಂಡೂ ಕಾಣದಂತಿದ್ದರು. ಕೆಲಸ ಆಗುತ್ತಿತ್ತಲ್ಲ, ಅವರಿಗೇನು?

ಬಾಣಂತನ ಮುಗಿಸಿ ಬಂದರೆ ಅವಳ ಕುರ್ಚಿಯಲ್ಲಿ ಬೇರೆ ಹುಡುಗಿ.

"ಕಂಪ್ಯೂಟರ್ ಕೆಲಸಕ್ಕೆ ಹೆರಿಗೆ ರಜೆ, ಯೂನಿಯನ್ನು ಅಂತೆಲ್ಲ ಇರಲ್ಲ ಕಣಮ್ಮ," ಎಂದರು ಮ್ಯಾನೇಜರ್.

ನನಗೆ ಮೈಯೆಲ್ಲ ಉರಿದುಹೋಯಿತು. ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಯೂನಿಯನ್ ಕಟ್ಟಿದ್ದ ಪುಟ್ಟಸ್ವಾಮಣ್ಣನನ್ನು ಹಿಡಿದು, ಹೆರಿಗೆ ರಜೆಯ ಸಂಬಳ ಮತ್ತು ಕೆಲಸ ಎರಡೂ ಬೇಕೆಂದು ಕೋಮಲಳಿಂದ ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಿಸಿದೆ. ನಾವೂ ಯೂನಿಯನ್ ಕಟ್ಟೋಣ ಎಂದೆ.

"ಯೂನಿಯನ್ ಆಮೇಲ್ ಕಟ್ಟನ. ಮೊದ್ಲು ಕೋಮಲನ್ ಕೆಲ್ಸ ಉಳೀಲಿ," ಎಂದರು ಅಣ್ಣ. "ಆದ್ರೆ ಅಲ್ಲಿ ಕೇಳಿದ್ದುಕ್ ಮಾತ್ರ ಬಾಯ್ ಬುಡ್ರವ್ವ."

ವಿಚಾರಣೆಯ ದಿನ ಕೋಮಲಳ ಜೊತೆ ಟೈಪ್ ಮಾಡುವವರೆಲ್ಲ ಹೋದೆವು. ಕಾರ್ಮಿಕ ಅಧಿಕಾರಿಯ ಮುಂದೆ ಗಂಗಾಧರಸ್ವಾಮಿ ಮೆತ್ತಗೆ ಮಾತಾಡಿದರು. "ರಜೆ ಎಲ್ಲಿ ಸಾರ್? ಈಯಮ್ಮ ಆ ದಿನಗಳಲ್ಲೂ ಟೈಪ್ ಮಾಡಿದ್ದಾರೆ. ಕಂಪ್ಯೂಟರೇ ಹೇಳುತ್ತೆ."

ಅಧಿಕಾರಿ ಕೋಮಲಳನ್ನು ನೋಡಿದರು. "ಹೌದೇನಮ್ಮ?"

ಮಗುವನ್ನು ಅವುಚಿಕೊಂಡು ಅವಳು ತಲೆ ತಗ್ಗಿಸಿದಳು. ನಮ್ಮ ಹೆಸರು ಹೇಳಿದರೆ ನಮಗೆ ಕುತ್ತು, ಹೇಳದಿದ್ದರೆ ಅವಳೇ ಕಳ್ಳಿ. ಪುಟ್ಟಸ್ವಾಮಣ್ಣ ನನ್ನ ತೋಳು ಹಿಡಿದರು. ಕೊಸರಿಕೊಂಡು ಎದ್ದೆ.

"ನಾವ್ ಮಾಡ್ಕೊಟ್ಟಿದ್ದು ಸಾ. ಮುಯ್ಯಿ. ಅದ್ರಲ್ ತಪ್ಪೇನದೆ?"

ಹಿಂದಿನಿಂದ ರುದ್ರಮ್ಮ ಎದ್ದಳು. "ನಾನೂ ಸಾ." ಪಲ್ಲವಿ ಎದ್ದಳು. ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಗೆದ್ದೆವು ಅಂದುಕೊಂಡೆ. ಅಷ್ಟು ಸಂತೋಷ ನನಗೆ ಮದುವೆಯಲ್ಲೂ ಆಗಿರಲಿಲ್ಲ.

ಗಂಗಾಧರಸ್ವಾಮಿ ಮುಗುಳ್ನಕ್ಕರು. "ಕಂಡವರ ಪಾಸ್‌ವರ್ಡ್ ಹಾಕಿ ರೋಗಿಗಳ ವಿವರ ತೆರೆದಿದ್ದಾರೆ, ಸಾರ್. ಅವರ ಬಾಯಲ್ಲೇ ಬಂತು."

ಕೋಮಲಳ ಅರ್ಜಿ ಬಿದ್ದುಹೋಯಿತು. ಎದ್ದು ನಿಂತವರಿಗೆಲ್ಲ ಆ ವಾರವೇ ಬಾಗಿಲು ಮುಚ್ಚಿತು. ಯೂನಿಯನ್ನಿನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಆ ವರ್ಷ ಕಳೆ ಕೀಳುವ ಕಾಲಕ್ಕೆ, ಒಂದು ಬೆಳಿಗ್ಗೆ ನಮ್ಮ ಗದ್ದೆಯ ಬದುವಿನ ಮೇಲೆ ಕೋಮಲ ನಿಂತಿದ್ದಳು. ಮಗುವನ್ನು ಹೊಂಗೆಮರದ ನೆರಳಲ್ಲಿ ಮಲಗಿಸಿ ಸೆರಗು ಸಿಕ್ಕಿಸಿಕೊಂಡಳು.

"ಯಾಕವ್ವಾ ಬಂದೆ?" ಎಂದೆ.

"ನಿಂದು ಮುಯ್ಯಿ ನನ್ ಮ್ಯಾಲದೆ ಕಣಕ್ಕಾ. ಅಂಗೇ ಉಳಿಸ್ಕಳದಾ?"

ಬೇಡ ಎನ್ನಲಾಗಲಿಲ್ಲ. ಮುಯ್ಯಿಗೆ ಬಂದವರನ್ನು ಹಿಂದಕ್ಕೆ ಕಳಿಸುವುದು ಅವಮಾನ, ಕೂಲಿ ಕೊಡುವುದು ಅದಕ್ಕಿಂತ ದೊಡ್ಡ ಅವಮಾನ. ಪಕ್ಕದ ಗದ್ದೆಯಲ್ಲಿ ಅಂದು ಕೂಲಿಗೆ ಆಳು ಕರೆಯುತ್ತಿದ್ದರು. ಅದನ್ನು ಬಿಟ್ಟು ಅವಳು ನನ್ನ ಗದ್ದೆಗೆ ಇಳಿದಳು.