ಚಮಚದಲ್ಲಿ ಬಂದ ಹಸಿರು ಕಾಲು ತುಂಡು

ಚಮಚದ ಗುಂಡಿಯಲ್ಲಿ ಹಸಿರು ಮಿಠಾಯಿಯ ಕಾಲು ತುಂಡು, ಬೆನ್ನಿಗೆಲ್ಲ ಸಕ್ಕರೆ ಹರಳು, ಚಾಕು ತಾಗಿದ ಎರಡು ಮಗ್ಗುಲು ಮಾತ್ರ ಗಾಜಿನಂತೆ ನುಣುಪು — ನುಂಗಿ ಆಯಿತು, ಆದರೂ ಹಾಲಿಸನ ಕಣ್ಣೆದುರಿನಿಂದ ಅದು ಸರಿಯುತ್ತಿಲ್ಲ, ವರಾಂಡದ ಫ್ಯಾನು ತಿರುಗುತ್ತಿದೆ, ಒಳಗೆ ಟೀವಿಯಲ್ಲಿ ಬ್ಯಾಸ್ಕೆಟ್‌ಬಾಲ್, ಆಟ ಮುಗಿಯುವ ತನಕ ಎರಡನೇ ತುಂಡಿನ ಸೊಲ್ಲೆತ್ತುವಂತಿಲ್ಲ, ಊರಿನವರು ಎಡವುವುದೇ ಇಲ್ಲಿ, ಏನೂ ಆಗ್ಲಿಲ್ವಲ್ಲ ಅಂತ ಇನ್ನೊಂದು ಬಾಯಿಗೆಸೆದು, ಆಮೇಲೆ ಎರಡರ ಅಮಲೂ ಒಟ್ಟಿಗೆ ಏರಿ, ಸೋಫಾ ತಬ್ಬಿಕೊಂಡು ಯೇಸುವನ್ನು ಕೂಗುವುದು, ಭಾವಮೈದ ವರ್ಲಿನ್ ಹಾಗೇ ಕೂಗಿದ್ದ, ಕೀರಲು ದನಿ, ಅಕ್ಕಾ, ಗೋಡೆ ಉಸಿರಾಡ್ತಿದೆ, ಅಕ್ಕಾ! — ಹಾಲಿಸ್ ಅಂಥ ಗಿರಾಕಿಯಲ್ಲ, ಕೆಂಟಕಿಯ ತಂಬಾಕು ಹರಾಜುಗಳಲ್ಲಿ ಎಲೆಯನ್ನು ಮೂಸಿಯೇ ದರ್ಜೆ ಹೇಳಿದವನು, ಈಗ ಆ ತಂಬಾಕಿನ ಕೊಟ್ಟಿಗೆಗಳಲ್ಲಿ ಹೆಂಪ್ ತಲೆಕೆಳಗಾಗಿ ನೇತಾಡುತ್ತದೆ, ಗಾಂಜಾದ ಸಾಧು ದಾಯಾದಿ, ಆ ಸಾಧುವಿನಿಂದಲೇ ಭಟ್ಟಿ ಇಳಿಸಿದ ಅಮಲು ಬಣ್ಣದ ಮಿಠಾಯಿಯಾಗಿ ಪೊಟ್ಟಣದಲ್ಲಿ ಕೂತಿರುತ್ತದೆ, ಅಮಲಲ್ಲೂ ಬಗೆಗಳು, ಡೆಲ್ಟಾ ಎಂಟು ಬಾಗಿಲು ತಟ್ಟಿ ಬರುವ ನೆಂಟ, ಡೆಲ್ಟಾ ಒಂಬತ್ತು ಒದ್ದುಕೊಂಡೇ ಬರುವವನು, ಇನ್ನು ಪೆಟ್ರೋಲ್ ಬಂಕಿನ ಕಪಾಟಿನಲ್ಲಿ ಕಾರ್ಟೂನು ಮುಖ ಹೊತ್ತು ನಿಂತ ಹೊಸ ಹೆಸರುಗಳ ಕುಲಗೋತ್ರ ಯಾರಿಗೆ ಗೊತ್ತು, ಲ್ಯಾಬ್ ವರದಿ ಎಲ್ಲಿದೆಯಮ್ಮಾ ಅಂದರೆ ಬಂಕಿನ ಹುಡುಗಿ ಬಬಲ್‌ಗಮ್ ಊದಿ, ತಾತಾ, ಕೆಂಪು ಚೆನ್ನಾಗಿದೆ ಅಂತಾರೆ ಎಲ್ರೂ — ಎಲ್ರೂ ಅಂದರೆ ವರ್ಲಿನ್ — ಅದಕ್ಕೇ ಬೇರೆ ಅಂಗಡಿಯಲ್ಲಿ ವರದಿ ಓದಿ ಎಂಟನ್ನೇ ತಂದ, ಬೀಪಿ ಮಾತ್ರೆಯ ಜೊತೆ ನಡೆಯುತ್ತಾ ಅಂತ ಔಷಧದಂಗಡಿಯಲ್ಲಿ ವಿಚಾರಿಸಿದ, ಮೊಮ್ಮಕ್ಕಳ ಮಿಠಾಯಿಯ ಜೊತೆ ಬೆರೆಯದಂತೆ ಮೀನುಗಾಳದ ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದ, ಅಮಲಲ್ಲಿ ಓಡಿಸದಂತೆ ಟ್ರಕ್ಕಿನ ಕೀಲಿ ಹೆಂಡತಿ ಲುಡೀನಳ ಏಪ್ರನ್ ಜೇಬಿಗೆ, ಎಲ್ಲ ಈ ಬಲಮಂಡಿಗಾಗಿ, ರಾತ್ರಿ ನಿದ್ದೆ ಕದಿಯುವ ಕಳ್ಳಮಂಡಿ, ನಿದ್ದೆಯಿಲ್ಲದೆ ಶನಿವಾರ ಅಗ್ನಿಶಾಮಕ ಠಾಣೆಯ ಹಣ್ಣಿನ ಪೈ ಹರಾಜಿನಲ್ಲಿ ನಿಂತು ಕೂಗುವುದು ಹೇಗೆ, ನಿದ್ದೆಗೆ ತಿನ್ನು ಮಾರಾಯ, ಅಂದಳು ಲುಡೀನ್, ಬೇಡ ಅನ್ನಲ್ಲ, ಆದ್ರೆ ಮೊದಲು ಹಗಲಲ್ಲಿ ನನ್ನ ಕಣ್ಮುಂದೆ ತಿನ್ನು, ನಾಲಿಗೆ ತೊದಲಿತೋ ಹರಾಜಿನ ಸುತ್ತಿಗೆ ನನ್ನ ತಮ್ಮಂಗೆ, ಚಾಕು ಇಲ್ಲಿ ಕೊಡು, ನೀನು ಕುಯ್ದ್ರೆ ಕಾಲು ಹೋಗಿ ಮುಕ್ಕಾಲಾಗುತ್ತೆ — ಒಳಗೆ ಹೋಗಿ ಕುಯ್ದು ತಂದಳು, ಚಮಚದಲ್ಲಿ, ಹಸಿರು, ಹೊಳೆಯುವ ಎರಡು ಮಗ್ಗುಲು.

ಬಂತು, ಬಂತು ನೋಡು, ಫ್ಯಾನಿನ ರೆಕ್ಕೆ ಕಾಕಂಬಿಯಲ್ಲಿ ಈಜುತ್ತಿದೆ, ಕಿವಿ ಬೆಚ್ಚಗಾಗುತ್ತಿದೆ, ಬೆರಳುಗಳು ಯಾರದೋ, ಇದು ಎಂಟಲ್ಲ, ಎಂಟಕ್ಕೆ ಇಷ್ಟು ಸೊಕ್ಕಿರಲ್ಲ, ಮೂಸಿ ಹೇಳಬಲ್ಲೆ, ಇದು ಒಂಬತ್ತು, ವರದಿ ಸುಳ್ಳು, ಲುಡೀನ್, ಬರ್ಕೋ, ಮುಂದಿನ ಸಲ ಇದರಲ್ಲೂ ಅರ್ಧ — ಆಯ್ತಪ್ಪ ಪಂಡಿತ, ಈಗ ಕೂಗು, ಚೆರ್ರಿ ಪೈ, ಹತ್ತು ಡಾಲರ್‌ನಿಂದ ಶುರು — ಎದ್ದ, ಎದೆಯುಬ್ಬಿಸಿದ, ಹತ್ತು ಹತ್ತು ಹತ್ತು ಯಾರಪ್ಪ ಹದಿನೈದು, ಹದಿನೈದಿದೆ ಇಪ್ಪತ್ತು ಯಾರಪ್ಪ, ಓ ಟೋಪಿಯಣ್ಣ ತಲೆ ಆಡಿಸಿದ್ದಾ ತೂಕಡಿಸಿದ್ದಾ — ನಾಲಿಗೆ ಊದಿ ಬೂಟಿನಷ್ಟಾಗಿದೆ, ಮಾತು ಮುಗ್ಗರಿಸುತ್ತಿದೆ, ಹೋಯಿತು, ಸುತ್ತಿಗೆ ವರ್ಲಿನ್ನಿಗೆ ಹೋಯಿತು, ಆ ಕೀರಲು ದನಿಗೆ ಯಾರು ಪೈ ಕೊಳ್ಳುತ್ತಾರೆ, ಸಾಕು ಕಣೇ, ತೊದಲಿದೆ, ಸೋತೆ — ಎಲ್ಲಿ ತೊದಲಿದ್ಯೋ? ಒಂದಕ್ಷರ ಜಾರಿಲ್ಲ, ಇಪ್ಪತ್ತು ವರ್ಷದಿಂದ ಇಷ್ಟು ಚೆನ್ನಾಗಿ ಕೂಗಿರ್ಲಿಲ್ಲ, ಲುಡೀನಳ ತುಟಿ ಯಾಕೆ ಅದುರುತ್ತಿದೆ, ಕೈ ಜೇಬಿಗೆ ಹೋಗುತ್ತಿದೆ, ಟ್ರಕ್ಕಿನ ಕೀಲಿ ಬಂತು, ಕೀಲಿಗೆ ಅಂಟಿಕೊಂಡು ಇನ್ನೊಂದು ತುಂಡು, ನಿನ್ನ ಸೊಕ್ಕಿನ ಒಂಬತ್ತು ಇಲ್ಲಿದೆ ನೋಡೋ ಮುದುಕಾ, ನೀನು ತಿಂದಿದ್ದು ಮೊಮ್ಮಗಳ ಸೇಬಿನ ಮಿಠಾಯಿ! — ಮತ್ತೆ ಫ್ಯಾನು, ಕಿವಿ, ಬೂಟಿನ ನಾಲಿಗೆ, ಎಲ್ಲ ಬರೀ ಸಕ್ಕರೆಯಿಂದಲಾ, ಎಲೆ ಮೂಸಿ ದರ್ಜೆ ಹೇಳಿದ ಈ ಮೂಗು — ಹೊಟ್ಟೆಯಿಂದೆದ್ದ ನಗು ವರಾಂಡವನ್ನೇ ನಡುಗಿಸಿತು, ಲುಡೀನಳದು ಅದರೊಳಗೆ ಮುಳುಗಿಯೇ ಹೋಯಿತು, ಪಕ್ಕದ ಮನೆಯ ನಾಯಿ ಬೊಗಳಿತು, ನಗುತ್ತ ನಗುತ್ತ ಕುರ್ಚಿಗಾಗಿ ಕೈಚಾಚಿದ, ಕುರ್ಚಿ ಆ ತುದಿಯಲ್ಲಿದೆ, ಊರುಗೋಲು ಕುರ್ಚಿಗೊರಗಿದೆ, ಕೂಗುತ್ತ ನಡೆದು ಬಂದ ಅವನು ಈ ತುದಿಯಲ್ಲಿ, ಅಷ್ಟು ಹೊತ್ತಿನಿಂದ, ಎರಡು ಕಾಲ ಮೇಲೆ, ಮಂಡಿ ನೋವು, ನೋವಿನ ನೆನಪೇ — ಅವಳ ಅಂಗೈಯಲ್ಲಿ ಹಸಿರು ತುಂಡು, ಸಕ್ಕರೆಗೆ ಜೇಬಿನ ನೂಲು, ಹೊಳೆಯುವ ಎರಡು ಮಗ್ಗುಲು, ಯಾರೂ ತಿನ್ನದ ಕಾಲು ತುಂಡು.