ಮೊಳೆಗೆ ಹಾಕಿದ ಬಟ್ಟೆ

ಚಳಿಗಾಲ ಮುಗಿಯುತ್ತ ಬಂದಿತ್ತು. ಬೆಳಗಿನ ಬಿಸಿಲು ಗಾಜಿನ ಮನೆಯ ನೆತ್ತಿಯಿಂದ ಜಾರಿ ಬಾಗಿಲಿಗೆ ಬೀಳುವ ಹೊತ್ತಿಗೆ ಇದೆಲ್ಲ ಶುರುವಾಯಿತು.

“ಯಾವ ದರಿದ್ರ ಮುಂಡೇದು ಇಲ್ಲಿ ಚಿಂದಿ ನೇತುಹಾಕಿರೋದು?”

ಪುಕ್ಕಲಿಯ ಕೈಯಲ್ಲಿದ್ದ ಕುಂಡ ಅಲುಗಿತು. ತಿರುಗಿ ನೋಡದೆಯೇ ಅವಳಿಗೆ ಗೊತ್ತಾಯಿತು, ಅದು ಸಾಹೇಬರ ದನಿ. ವಿಶ್ವವಿದ್ಯಾಲಯದ ಆ ಸಸ್ಯತೋಟಕ್ಕೆಲ್ಲ ಅವರೇ ದೊಡ್ಡವರು. ಅವರ ಹಿಂದೆ ಮೇಸ್ತ್ರಿ ಕೈಕಟ್ಟಿ ನಿಂತಿದ್ದ.

ಜರಿಗಿಡಗಳ ಗಾಜಿನ ಮನೆಯ ಬಾಗಿಲ ಪಕ್ಕ ಸಾಲಾಗಿ ಮೊಳೆಗಳಿದ್ದವು. ಒಂದು ಮೊಳೆಯಲ್ಲಿ ಬಟ್ಟೆಯೊಂದು ನೇತಾಡುತ್ತಿತ್ತು. ಬಣ್ಣ ಹೋಗಿ ಮಣ್ಣಿನ ಬಣ್ಣಕ್ಕೆ ತಿರುಗಿದ ಕೆಂಪು ಬಟ್ಟೆ, ಅಂಚಿನಲ್ಲಿ ಕೆಂಡ ತಾಗಿ ಸುಟ್ಟ ತೂತು. ಅದು ಪುಕ್ಕಲಿಯ ಅಕ್ಕ ತಲೆಗೆ ಕಟ್ಟಿಕೊಳ್ಳುವ ಬಟ್ಟೆ.

ಅದು ಚಿಂದಿಯಲ್ಲ. ತೋಟದ ಕೆಲಸದವರಿಗೆ ಅದೊಂದು ಕಟ್ಟಳೆ. ಹುಳ ಸಾಯಿಸಲು ಗಾಜಿನ ಮನೆಗಳ ಒಳಗೆ ವಿಷದ ಹೊಗೆಡಬ್ಬಿ ಹಚ್ಚಿ, ಬಾಗಿಲು ಮುಚ್ಚಿ, ಬೀಗ ಹಾಕುವುದಿತ್ತು. ಹಿಂದೆ ಯಾವ ಕಾಲದಲ್ಲೋ ಒಬ್ಬ ಒಳಗೇ ಉಳಿದುಹೋಗಿದ್ದನಂತೆ. ಅಂದಿನಿಂದ ಒಳಗೆ ಹೋಗುವವರು ತಲೆಯ ಬಟ್ಟೆ ಬಿಚ್ಚಿ ಮೊಳೆಗೆ ಹಾಕಿ ಹೋಗುವುದು, ಬಂದ ಮೇಲೆ ತೆಗೆದುಕೊಳ್ಳುವುದು. ಮೊಳೆಯ ಮೇಲೆ ಬಟ್ಟೆಯಿದ್ದರೆ ಬೀಗ ಹಾಕುವಂತಿಲ್ಲ. ಹಾಕಿದವರೇ ತೆಗೆಯಬೇಕು, ಇನ್ನೊಬ್ಬರು ಮುಟ್ಟುವಂತಿಲ್ಲ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಮುರಿದಿರಲೂ ಇಲ್ಲ.

“ಕಿವಿ ಕೇಳಲ್ವೇನೇ? ದೊಡ್ಡ ದೊಡ್ಡೋರು ಇದೇ ದಾರೀಲಿ ಬರ್ತಾರೆ. ನಿಮ್ಮ ಬೆವರು ವಾಸನೆ ಕುಡೀಬೇಕಾ ಅವರು? ತೆಗಿ ಅದನ್ನ!”

“ಸ್ವಾಮಿ, ಅದು ಅಕ್ಕಂದು... ಒಳಗೆ...”

“ಎದುರು ಮಾತಾಡ್ತೀಯಾ?”

ಪುಕ್ಕಲಿಗೆ ನಾಲಗೆ ಒಳಕ್ಕೆ ಹೋಯಿತು. ಮೊದಲಿನಿಂದಲೂ ಅವಳು ಹಾಗೇ. ಕೆಲಸಕ್ಕೆ ಬಂದ ಹೊಸತರಲ್ಲಿ ಎಲೆಯಡಿಯ ಕಪ್ಪೆಯೊಂದನ್ನು ಕಂಡು ಚೀರಿ ಕುಂಡದ ಮೇಲೆ ಕೂತಿದ್ದಳು, ಅವತ್ತು ಬಿದ್ದ ಹೆಸರು ಇವತ್ತಿಗೂ ಬಿಟ್ಟಿರಲಿಲ್ಲ. ಅಕ್ಕನೂ ಹಾಗೇ ಕರೆಯುತ್ತಿದ್ದಳು. “ಇವಳು ಹುಟ್ಟುವಾಗ್ಲೂ ತಲೆ ಹೊರಗೆ ಹಾಕಿ, ಜನ ನೋಡಿ, ಮತ್ತೆ ಒಳಗೆ ಹೋದೋಳು ಕಣ್ರೋ” ಎಂದು ಎಲ್ಲರನ್ನೂ ನಗಿಸುತ್ತಿದ್ದಳು. ಅಕ್ಕನಿಗೆ ದೊಡ್ಡಗಂಟಲು ಎಂದು ಹೆಸರು. ಅವಳು ತೋಟದ ಈ ತುದಿಯಲ್ಲಿ ಸೀನಿದರೆ ಆ ತುದಿಯ ಗೇಟಿನಲ್ಲಿ ಕಾವಲುಗಾರ ಎದ್ದು ನಿಲ್ಲುತ್ತಿದ್ದ.

ಪುಕ್ಕಲಿ ಬಟ್ಟೆ ತೆಗೆದಳು. ಹೊಗೆ ಹಾಕುವುದು ಸಂಜೆ, ಎಲ್ಲರೂ ಮನೆಗೆ ಹೋದ ಮೇಲೆ. ಸಾಹೇಬರು ಆಚೆ ತಿರುಗಿದರೆ ಸಾಕು, ಮತ್ತೆ ಹಾಕಿದರಾಯಿತು ಎಂದುಕೊಂಡು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಆದರೆ ಸಾಹೇಬರು ತಿರುಗಲಿಲ್ಲ. “ಆ ಕುಂಡಗಳನ್ನೆಲ್ಲ ಎತ್ಕೊಂಡು ನಡಿ, ಹೂವಿನ ಮನೆ ಮೆಟ್ಟಿಲಿಗೆ” ಎಂದು ಅವಳನ್ನು ಮುಂದೆ ಮಾಡಿಕೊಂಡು ನಡೆದರು. ಬೆನ್ನ ಹಿಂದೆ ಅವರ ಬೂಟಿನ ಸದ್ದು. ಅವಳಿಗೆ ಕತ್ತು ತಿರುಗಿಸಲೂ ಧೈರ್ಯವಾಗಲಿಲ್ಲ.

*

ಎಷ್ಟೋ ವರ್ಷಕ್ಕೊಮ್ಮೆ ಅರಳುವ ಹೂವೊಂದು ಹೂವಿನ ಮನೆಯಲ್ಲಿ ಅರಳಿತ್ತು. ಅದನ್ನು ನೋಡಲೆಂದೇ ಅತಿಥಿಗಳು ಬರುವವರಿದ್ದರು. ಪುಕ್ಕಲಿ ಮೆಟ್ಟಿಲಿನ ಎರಡೂ ಬದಿಗೆ ಕುಂಡ ಜೋಡಿಸಿದಳು. ಸಾಹೇಬರು ಬೂಟಿನ ತುದಿಯಿಂದ ತಳ್ಳಿ, ಹೀಗಲ್ಲ ಹಾಗೆ ಎಂದರು. ಮತ್ತೆ ಜೋಡಿಸಿದಳು. ಅಷ್ಟರಲ್ಲಿ ಮೇಸ್ತ್ರಿ ಓಡಿ ಬಂದ.

“ಸಾಹೇಬ್ರೇ, ಜರಿ ಮನೇಲಿ ಹಿಟ್ಟುತಿಗಣೆ ಬಿದ್ದಿದೆ. ಎಲೆ ಎಲ್ಲಾ ಬೂದಿ ಚೆಲ್ದಂಗೆ ಬೆಳ್ಳಗಾಗಿದೆ.”

“ಅಯ್ಯೋ ನಿನ್ನ! ಹೂವಿಗೆ ಹತ್ತಿದ್ರೆ ನನ್ ಮಾನ ಹೋಗುತ್ತಲ್ಲೋ! ಈಗಲೇ ಹೊಗೆ ಹಾಕ್ಸು. ಬೀಗ ಜಡಿದು ಕೀ ತಂದು ನನ್ ಕೈಗೆ ಕೊಡು.”

ಆ ಹೊತ್ತು ಪುಕ್ಕಲಿ ಹಿತ್ತಲ ನಲ್ಲಿಯ ಬಳಿ ಕೊಡ ಹಿಡಿದು ನಿಂತಿದ್ದಳು. ಈ ಮಾತು ಅವಳ ಕಿವಿಗೆ ಬೀಳಲಿಲ್ಲ.

ಹೊಗೆ ಹಚ್ಚುವವನು ಕೈ ನಡುಗುವ ಒಬ್ಬ ಮುದುಕ. ಹೊಗೆಯಣ್ಣ ಎನ್ನುತ್ತಿದ್ದರು. ಅವನು ಬಂದು ಮೊದಲು ಮೊಳೆಗಳನ್ನು ನೋಡಿದ. ಒಂದರಲ್ಲೂ ಬಟ್ಟೆಯಿರಲಿಲ್ಲ. ಆದರೂ ಅಭ್ಯಾಸಬಲದಿಂದ ಒಳಗೆ ಬಗ್ಗಿ, “ಯಾರಾದ್ರೂ ಇದೀರೇನ್ರೋ?” ಎಂದು ಕೂಗಿದ. ದೊಡ್ಡಗಂಟಲು ಹಿಂದಿನ ಮೂಲೆಯಲ್ಲಿ, ಕುಂಡದ ಕಟ್ಟೆಗಳ ಕೆಳಗಿನ ಮೋರಿಯಲ್ಲಿ ಹೊಟ್ಟೆಯ ಮೇಲೆ ಮಲಗಿ ಕೆಸರು ಬಳಿಯುತ್ತಿದ್ದಳು. ತಲೆಯ ಮೇಲೆ ನೀರಿನ ಕೊಳವೆ ಗೊರಗೊರ ಎನ್ನುತ್ತಿತ್ತು. ಅವಳಿಗೆ ಕೇಳಿಸಲಿಲ್ಲ. “ಬೇಗ ಹಚ್ಚೋ ಸೂಳೇಮಗನೇ, ಕಾರು ಬಂತು!” ಎಂದು ಮೇಸ್ತ್ರಿ ಕಿರುಚಿದ. ಹೊಗೆಯಣ್ಣ ಹಚ್ಚಿದ. ಮೇಸ್ತ್ರಿ ಬೀಗ ಹಾಕಿದ.

ಪುಕ್ಕಲಿ ಕೊಡ ಹೊತ್ತು ಬರುವಾಗ ಜರಿ ಮನೆಯ ಗಾಜು ಒಳಗಿನಿಂದ ಬೆಳ್ಳಗಾಗುತ್ತಿತ್ತು. ಮೊದಲು ಮಂಜು ಎಂದುಕೊಂಡಳು. ಆಮೇಲೆ ಮೂಗಿಗೆ ವಾಸನೆ ಬಡಿಯಿತು. ಕೈ ತಾನಾಗಿ ಸೊಂಟಕ್ಕೆ ಹೋಯಿತು. ಬಟ್ಟೆ ಅಲ್ಲೇ ಇತ್ತು.

ಕೊಡ ಎಲ್ಲಿ ಬಿತ್ತೋ ಅವಳಿಗೆ ಗೊತ್ತಿಲ್ಲ.

ಬೀಗ ಹಾಕಿದ ಮನೆಯ ಕೀ ಯಾವಾಗಲೂ ಸಾಹೇಬರ ಬಳಿಯೇ ಇರುತ್ತಿತ್ತು. ಹೂವಿನ ಮನೆಯೊಳಗೆ ಅವರು ಅತಿಥಿಗಳ ನಡುವೆ ನಗುತ್ತ ನಿಂತಿದ್ದರು. ಅಲ್ಲಿಯವರೆಗೆ ಓಡಿದ ಕಾಲು ಹೊಸ್ತಿಲಿಗೆ ಬಂದು ನಿಂತುಬಿಟ್ಟಿತು. ಅಷ್ಟು ಜನ, ಅಷ್ಟು ಬಿಳಿ ಬಟ್ಟೆ. ಇವಳ ಕಾಲ ತುಂಬ ಕೆಸರು.

“ಸ್ವಾಮಿ, ಕೀ ಕೊಡಿ. ಅಕ್ಕ ಒಳಗಿದಾಳೆ.”

ಸಾಹೇಬರು ಮುಖದ ನಗು ಕದಲಿಸದೆ ಹತ್ತಿರ ಬಂದರು. ಹಲ್ಲು ಕಚ್ಚಿ ಮೆಲ್ಲಗೆ ಹೇಳಿದರು: “ಈಗ ಬಾಗಿಲು ತೆಗೆದ್ರೆ ಹೊಗೆ ಇಲ್ಲಿಗೆ ಬರುತ್ತೆ. ನಿಮ್ಮಕ್ಕ ಎಲ್ಲೋ ಬಿದ್ಕೊಂಡಿರ್ತಾಳೆ, ಹೋಗಿ ಹುಡುಕು. ಆಮೇಲೆ ನೋಡೋಣ.”

“ಇಲ್ಲ ಸ್ವಾಮಿ, ಒಳಗೇ ಇದಾಳೆ, ನಾನೇ ಬಟ್ಟೆ...”

ಏನಾಯಿತು ಎಂದು ಅತಿಥಿಯೊಬ್ಬರು ಕೇಳಿದರು.

“ಏನಿಲ್ಲ, ಏನಿಲ್ಲ. ಕೆಲಸದವರ ಮನೆ ಜಗಳ. ದಿನಾ ಇದ್ದದ್ದೇ.”

ಎಲ್ಲರೂ ನಕ್ಕರು. ಬಾಗಿಲು ಅವಳ ಮುಖಕ್ಕೆ ಮುಚ್ಚಿತು.

ಪುಕ್ಕಲಿ ಮೆಟ್ಟಿಲಿಳಿದಳು. ಇಷ್ಟು ವರ್ಷದಲ್ಲಿ ಒಂದು ಕುಂಡವನ್ನೂ ಅವಳು ಒಡೆದಿರಲಿಲ್ಲ. ತಾನು ಜೋಡಿಸಿದ ಸಾಲಿನಿಂದ ದೊಡ್ಡದೊಂದನ್ನು ಎತ್ತಿಕೊಂಡಳು. ಮಣ್ಣು, ಗಿಡ, ಹೆಸರಿನ ತಗಡು ಎಲ್ಲ ಸೇರಿ ಭಾರವಾಗಿತ್ತು. ಜರಿ ಮನೆಯ ಹಿಂಬದಿಗೆ ಓಡಿ ಗಾಜಿಗೆ ಎಸೆದಳು. ಗಾಜು ಬಿರುಕು ಬಿಟ್ಟಿತಷ್ಟೆ. ಬಿದ್ದ ಕುಂಡವನ್ನು ಮತ್ತೆ ಎತ್ತಿ, ಎರಡೂ ಕೈಯಲ್ಲಿ ಹಿಡಿದು ಬಡಿದಳು. ಗಾಜು ಬಿತ್ತು. ಹೊಗೆ ಕಾಲಿನ ಮಟ್ಟದಲ್ಲೇ ಹೊರಳಿ ಹೊರಬಂತು. ಅದು ಮೇಲೇಳುವ ಹೊಗೆಯಲ್ಲ, ನೆಲ ಹಿಡಿದು ಹರಿಯುವಂಥದು. ಮೋರಿಯಲ್ಲಿದ್ದವಳಿಗೇ ಮೊದಲು ಸಿಕ್ಕಿತ್ತು.

ಸದ್ದು ಕೇಳಿ ಹೊಗೆಯಣ್ಣ ಓಡಿ ಬಂದ. ಒದ್ದೆ ಗೋಣಿ ಮುಖಕ್ಕೆ ಸುತ್ತಿಕೊಂಡು ಒಳಗೆ ನುಗ್ಗಿ ಅವಳನ್ನು ಎಳೆದು ತಂದ. ದೊಡ್ಡಗಂಟಲಿನ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಸದ್ದಿರಲಿಲ್ಲ. ಕೈ ಮಾತ್ರ ತಂಗಿಯ ಸೊಂಟದವರೆಗೆ ಬಂತು, ಬಟ್ಟೆಯ ತುದಿಯನ್ನು ಮುಟ್ಟಿತು. ಅವಳಿಗೆ ಗೊತ್ತಾಯಿತೋ ಇಲ್ಲವೋ, ಹೇಳುವವರು ಯಾರು? ಆಸ್ಪತ್ರೆಯ ಗಾಡಿ ಬರುವಷ್ಟರಲ್ಲಿ ಆ ಕೈ ಕೆಳಗೆ ಬಿದ್ದಿತ್ತು.

*

ಮಣ್ಣು ಮಾಡಿ ಬಂದ ಮಾರನೆಯ ದಿನ ಸಾಹೇಬರು ಕಚೇರಿಗೆ ಕರೆಸಿದರು. ಈ ಸಲ ಬೈಯಲಿಲ್ಲ. ಅದಕ್ಕೇ ಪುಕ್ಕಲಿಗೆ ಇನ್ನೂ ಹೆದರಿಕೆಯಾಯಿತು.

“ಬಟ್ಟೆ ತೆಗೆದ ಕೈ ಯಾರದಮ್ಮ?”

“ನಂದು ಸ್ವಾಮಿ.”

“ಒಳಗೆ ಜನ ಇದಾರೆ ಅಂತ ನೀನು ನಂಗೆ ಹೇಳಿದ್ಯಾ?”

ಹೇಳಲು ಹೋಗಿದ್ದೆ, ನೀವು ಬಾಯಿ ಮುಚ್ಚಿಸಿದಿರಿ ಎನ್ನುವ ಬದಲು ಪುಕ್ಕಲಿ ಸೊಂಟದಲ್ಲಿದ್ದ ಬಟ್ಟೆಯನ್ನು ಬಿಗಿಯಾಗಿ ಹಿಡಿದಳು.

“ನೋಡು, ಪೊಲೀಸರು ಬಂದ್ರೆ ಹಿಡಿಯೋದು ನಿನ್ನನ್ನೇ. ನಂಗೂ ಕರುಣೆ ಇದೆ. ಕೆಲಸದ ಹೊತ್ತಲ್ಲಿ ನಿಮ್ಮಕ್ಕ ಕದ್ದು ಮಲಗಿದ್ಲು ಅನ್ನು. ಮುಗೀತು. ಗಾಜಿನ ಮಾತು ನಾನು ಎತ್ತಲ್ಲ. ನಿನ್ ಕೆಲಸ ಇರುತ್ತೆ, ಮನೆ ಇರುತ್ತೆ.”

ಮನೆಯೆಂದರೆ ಸಲಿಕೆ ಗುದ್ದಲಿ ಇಡುವ ಕೊಟ್ಟಿಗೆಯ ಹಿಂದಿನ ಒಂದು ಕೋಣೆ. ಅಲ್ಲಿ ಮುದುಕಿ ಅಮ್ಮ ಇದ್ದಳು. ಪುಕ್ಕಲಿ ತಲೆಯಾಡಿಸಿ ಬಂದಳು. ದಾರಿಯುದ್ದಕ್ಕೂ ತಾನು ತಲೆಯಾಡಿಸಿದ್ದನ್ನು ಯಾರೋ ಹಿಂದಿನಿಂದ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು.

ಅಮ್ಮನ ಕಿವಿ ಮಂದವಾಗಿ ಎಷ್ಟೋ ಕಾಲವಾಗಿತ್ತು. ಮನೆಯಲ್ಲಿ ಅವಳಿಗೆ ಕೇಳಿಸುತ್ತಿದ್ದದ್ದು ದೊಡ್ಡವಳ ದನಿಯೊಂದೇ. ಸತ್ತ ಸುದ್ದಿಯನ್ನೂ ಸನ್ನೆಯಲ್ಲೇ ತಿಳಿಸಿದ್ದರು.

“ಏನಂದ್ರೇ ಅವರು?”

“ಏನಿಲ್ಲಮ್ಮ. ಅಕ್ಕ ಮಲಗಿದ್ಲು ಅಂತ ಹೇಳ್ಬೇಕಂತೆ.”

“ಆಂ? ಕೇಳ್ಸಲ್ಲ ಕಣೇ. ಗಟ್ಟಿಯಾಗಿ ಹೇಳು.”

ಪುಕ್ಕಲಿ ಬಾಯಿ ತೆರೆದಳು. ಆ ಮಾತನ್ನು ಗಟ್ಟಿಯಾಗಿ ಹೇಳಲು ಆಗಲಿಲ್ಲ.

“ಹೋಗ್ಲಿ ಬಿಡು” ಎಂದಳು ಅಮ್ಮ. “ಇನ್ಮೇಲೆ ಈ ಮನೇಲಿ ನಂಗೆ ಏನೂ ಕೇಳ್ಸಲ್ಲ.”

*

ಒಡೆದ ಗಾಜಿನ ಜಾಗಕ್ಕೆ ಹೊಸ ಗಾಜು ಕೂರಿಸಿದರು. ಹಿಟ್ಟುತಿಗಣೆ ಸತ್ತಿರಲಿಲ್ಲ, ಇನ್ನಷ್ಟು ಹಬ್ಬಿತ್ತು. ಮತ್ತೆ ಹೊಗೆ ಹಾಕಲು ಸಾಹೇಬರ ಅಪ್ಪಣೆಯಾಯಿತು. ಕೆಲಸದವರೆಲ್ಲ ಜರಿ ಮನೆಯ ಮುಂದೆ ಸೇರಿದ್ದರು. ಹೊಗೆಯಣ್ಣ ಡಬ್ಬಿ ಕೆಳಗಿಟ್ಟು ಕಡ್ಡಿಪೆಟ್ಟಿಗೆ ತೆಗೆದ. ವಾಡಿಕೆಯಂತೆ ಮೊಳೆಗಳ ಕಡೆ ನೋಡಿದ.

ಪುಕ್ಕಲಿ ಗುಂಪಿನಿಂದ ಹೊರಬಂದಳು. ಸೊಂಟದಿಂದ ಅಕ್ಕನ ಬಟ್ಟೆ ತೆಗೆದು ಅದೇ ಮೊಳೆಗೆ ಹಾಕಿದಳು.

“ಏನೇ ಇದು?” ಎಂದರು ಸಾಹೇಬರು. “ತೆಗಿ!”

“ಹಾಕಿದೋರೇ ತೆಗೀಬೇಕು ಸ್ವಾಮಿ.”

“ಹಾಕಿದ್ದು ನೀನೇ ಅಲ್ವೇನೇ?”

“ನಾನಲ್ಲ. ಅಕ್ಕ ಹಾಕಿದ್ದು. ಅವತ್ತು ನೀವು ತೆಗೆಸಿದ್ರಿ, ಇವತ್ತು ನಾನು ಇದ್ದ ಜಾಗಕ್ಕೆ ಇಟ್ಟೆ.” ಅವಳ ದನಿ ಒಡೆದು ಮೇಲಕ್ಕೆ ಹೋಯಿತು. ಆ ತುದಿಯ ಗೇಟಿನಲ್ಲಿ ಕಾವಲುಗಾರ ಎದ್ದು ನಿಂತ. “ಅವಳು ಮಲಗಿರ್ಲಿಲ್ಲ! ಮೋರಿ ಬಳೀತಿದ್ಲು! ಕೀ ಕೇಳಿದ್ರೆ ಮನೆ ಜಗಳ ಅಂದ್ರಿ!”

ಸಾಹೇಬರು ಮುಂದೆ ಬಂದು ಬಟ್ಟೆ ಕಿತ್ತು ನೆಲಕ್ಕೆ ಎಸೆದರು. ಪುಕ್ಕಲಿ ಬಗ್ಗಿ ಎತ್ತಿ, ಧೂಳು ಕೊಡವಿ, ಮತ್ತೆ ಹಾಕಿದಳು. ಎರಡು ಸಲ ಜಾರಿತು, ಆಮೇಲೆ ನಿಂತಿತು.

“ಹಚ್ಚೋ!” ಸಾಹೇಬರು ಹೊಗೆಯಣ್ಣನ ಕಡೆ ತಿರುಗಿದರು.

ಹೊಗೆಯಣ್ಣ ಕಡ್ಡಿಪೆಟ್ಟಿಗೆಯನ್ನು ಜೇಬಿಗೆ ಹಾಕಿಕೊಂಡ. “ಆಗಲ್ಲ ಸ್ವಾಮಿ. ಒಳಗೆ ಜನ ಇದಾರೆ.”

“ಯಾವನಿದಾನೋ ಒಳಗೆ?”

“ದೊಡ್ಡಗಂಟಲು ಇದಾಳೆ. ಇನ್ನೂ ಹೊರಗೆ ಬಂದಿಲ್ಲ.”

ಸಾಹೇಬರು ಮೇಸ್ತ್ರಿಯನ್ನು ನೋಡಿದರು. ಮೇಸ್ತ್ರಿ ಒಂದು ಹೆಜ್ಜೆ ಇಟ್ಟು, ಬಟ್ಟೆಯನ್ನೊಮ್ಮೆ ನೋಡಿ, ಬೂಟಿಗೆ ಹತ್ತಿದ ಮಣ್ಣು ಕೆರೆಯತೊಡಗಿದ. ಡಬ್ಬಿಯನ್ನು ಯಾರೂ ಮುಟ್ಟಲಿಲ್ಲ. ಗಾಜಿನೊಳಗೆ ಜರಿಗಿಡಗಳು ಬುಡದವರೆಗೆ ಬೆಳ್ಳಗೆ ನಿಂತಿದ್ದವು.

ಅದು ಗುರುವಾರ. ಶನಿವಾರ ಕೋಣೆ ಖಾಲಿ ಮಾಡಿಸಿದರು. ಪುಕ್ಕಲಿ ಪಾತ್ರೆಗಂಟು ಹೊತ್ತು, ಅಮ್ಮನ ಕೈ ಹಿಡಿದು, ಹಿಂದಿನ ಗೇಟಿನಿಂದ ಹೊರಟಳು. ನಾಳೆ ಎಲ್ಲಿ ಎಂದು ಅವಳಿಗೆ ತಿಳಿಯದು. ಪೊಲೀಸರ ಸೀಟಿಯೇನೋ ಎಂದು ಹಕ್ಕಿ ಕೂಗಿದರೂ ಬೆಚ್ಚುತ್ತಿದ್ದಳು. ಗೇಟಿನ ಬಳಿ ಅಮ್ಮ ನಿಂತು ಹಿಂದಕ್ಕೆ ನೋಡಿದಳು.

“ದೊಡ್ಡೋಳ ಬಟ್ಟೆ ತಗೊಂಡ್ಯಾ?”

“ಇಲ್ಲಮ್ಮ” ಎಂದಳು ಪುಕ್ಕಲಿ, ಅಮ್ಮನಿಗೆ ಕೇಳಿಸುವಷ್ಟು ಗಟ್ಟಿಯಾಗಿ. “ಅಲ್ಲೇ ಇದೆ.”

ಶನಿವಾರ ಆ ತೋಟ ಬಿಟ್ಟು ಹೋದವರು ಇವರಿಬ್ಬರೇ. ದೊಡ್ಡಗಂಟಲು ಹೋಗಲಿಲ್ಲ.